ತಲೆಸುತ್ತು ನಿಂತ ಮೇಲೆ

ಮಾರ್ಚ್ 3

ತಲೆ ಸುತ್ತಿದಾಗೆಲ್ಲ ಬರೆದಿಡಿ ಎಂದು ಬೀದಿಯ ಕೊನೆಯ ಡಾಕ್ಟರು ಹೇಳಿದ್ದಾರೆ. ಯಾವಾಗ ಬಂತು, ಎಷ್ಟು ಹೊತ್ತಿತ್ತು, ಆಗ ಏನು ಮಾಡುತ್ತಿದ್ದಿರಿ. ಕಾಯಿಲೆ ಯಾವುದೆಂದು ತನಗೆ ಗೊತ್ತಾಗಲಿಲ್ಲ ಎನ್ನುವುದಕ್ಕೆ ಇದು ಮರ್ಯಾದೆಯ ಮಾತು. ಇರಲಿ, ಬರೆಯುತ್ತೇನೆ.

ಮೊದಲ ಸಲ: ಫೆಬ್ರವರಿ 25, ಬೆಳಿಗ್ಗೆ ಆರು. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೆ, ಸೂರು ಗಿರ್ರನೆ ತಿರುಗಿತು. ತಿರುಗಿದ ಹಾಗೆ ಅನ್ನಿಸಿದ್ದಲ್ಲ, ತಿರುಗಿತು. ಮಂಚದ ಅಂಚು ಹಿಡಿದುಕೊಂಡೆ. ಬೀಳುವುದಾದರೆ ಯಾವ ಕಡೆಗೆ ಬೀಳುತ್ತೇನೆ ಎಂಬುದೇ ತಿಳಿಯಲಿಲ್ಲ. ಮುಕ್ಕಾಲು ನಿಮಿಷ. ಆಮೇಲೆ ಏನೂ ಆಗಿಲ್ಲವೆಂಬ ಹಾಗೆ ಎಲ್ಲವೂ ಅದರದರ ಜಾಗದಲ್ಲಿ.

ಎರಡನೆಯ ಸಲ: ಅದೇ ದಿನ ಕಾರ್ಖಾನೆಯಲ್ಲಿ, ಮೇಲಿನ ಹಲಗೆಯಿಂದ ಕೋಟಿನ ತೋಳಿನ ರಟ್ಟಿನ ಅಚ್ಚು ತೆಗೆಯಲು ತಲೆ ಎತ್ತಿದಾಗ. ಕಟಿಂಗ್ ಮೇಜಿನ ಮೇಲೆ ಮುಖವಿಟ್ಟು ನಿಂತೆ. ಹೊಲಿಗೆಯವರು ನಾನು ಬಟ್ಟೆಯ ಎಳೆ ನೋಡುತ್ತಿದ್ದೇನೆ ಎಂದುಕೊಂಡರು. ಆ ಮೇಜಿನಲ್ಲಿ ನನಗೆ ಇಪ್ಪತ್ತಾರು ವರ್ಷ. ಎಂಬತ್ತು ಪದರ ಬಟ್ಟೆ ಹಾಸಿ, ಯಂತ್ರದ ಅಲಗನ್ನು ಗೆರೆಯ ಮೇಲೆ ನಡೆಸಿ, ಒಂದೇ ಸಲಕ್ಕೆ ಎಂಬತ್ತು ಜನರ ಬೆನ್ನು ಕತ್ತರಿಸುವವಳು ನಾನು. ಹಿಂದಿನಿಂದ ನನಗೆ ‘ಕತ್ತರಿ’ ಎನ್ನುತ್ತಾರೆ. ಎದುರಿಗೆ ‘ಮೇಡಂ’.

ಮಾರ್ಚ್ 5

ಮೂರು ಸಲ. ಈ ಪುಸ್ತಕವನ್ನು ಡಾಕ್ಟರಿಗೆ ತೋರಿಸುವುದಿಲ್ಲ. ಅವರಿಗೆ ಬೇರೆ ಚೀಟಿ ಬರೆದುಕೊಡುತ್ತೇನೆ.

ಮಾರ್ಚ್ 11

ಇಂದು ಯಂತ್ರ ಗೆರೆ ಬಿಟ್ಟಿತು. ಯಂತ್ರವಲ್ಲ, ನಾನು. ಎಂಬತ್ತು ಎಡತೋಳು ಒಂದೇ ಏಟಿಗೆ ಗಿಡ್ಡವಾದವು.

ಮ್ಯಾನೇಜರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಮೆಲ್ಲಗೆ, “ಮೇಡಂ, ತೋಳು ಹೋಗ್ಲಿ ಬಿಡಿ, ನಿಮ್ಮ ಬೆರಳು ಹೋಗಿದ್ರೆ? ಸರಿಹೋಗೋ ತನಕ ಗುಂಡಿ ವಿಭಾಗದಲ್ಲಿ ಕೂತ್ಕೊಳ್ಳಿ” ಎಂದರು. ನನ್ನ ಮೇಜಿಗೆ ಗಿಣಿಯನ್ನು ಹಾಕಿದರು. ಗಿಣಿ ನನ್ನ ಕೈಕೆಳಗೆ ಕಲಿತವಳು. ಬಾಯಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಇಂದು ಮಾತ್ರ ತುಟಿ ಬಿಚ್ಚದೆ ಅಲಗಿನಿಂದ ಬೆರಳು ಕಾಯುವ ನನ್ನ ಉಕ್ಕಿನ ಬಲೆಯ ಕೈಗವಸು ಹಾಕಿಕೊಂಡಳು. ಅವಳ ಕೈಗೆ ಅದು ಸರಿಯಾಗಿಯೇ ಹಿಡಿಯಿತು.

ಮಾರ್ಚ್ 14

ತಂಗಿ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿಬಂದಳು. “ಅಕ್ಕಾ, ಸಿಕ್ತು! ನಂಗೇ ಸಿಕ್ತು!”

ಅವಳು ದಾಖಲೆ ಕಚೇರಿಯಲ್ಲಿ ಹಳೆಯ ಕಾಗದಗಳ ರಿಪೇರಿ ಮಾಡುತ್ತಾಳೆ. ಹುಳು ತಿಂದ ಹಾಳೆಯ ಹಿಂದೆ ತೆಳು ಕಾಗದ ಇಟ್ಟು, ಗೋಧಿಹಿಟ್ಟಿನ ಅಂಟನ್ನು ಕುಂಚದಲ್ಲಿ ಸವರಿ, ದಿನಕ್ಕೆ ಎರಡೋ ಮೂರೋ ಹಾಳೆ. ಅದೂ ಒಂದು ಕೆಲಸ. ಈಗ ರಾಜಧಾನಿಯ ದೊಡ್ಡ ವಸ್ತುಸಂಗ್ರಹಾಲಯದವರು ಪತ್ರ ಬರೆದು ಕರೆದಿದ್ದಾರೆ. ಮೂರು ವರ್ಷ ಅಲ್ಲಿಯೇ ಇದ್ದು ಕಲಿಯಬೇಕು, ಆಮೇಲೆ ಖಾಯಂ ಹುದ್ದೆ. ನಲವತ್ತು ತುಂಬುವುದರೊಳಗೆ ಸೇರಬೇಕು. ಅವಳಿಗೆ ಜೂನ್‌ನಲ್ಲಿ ನಲವತ್ತು. ಉತ್ತರ ಬರೆಯಲು ಏಪ್ರಿಲ್ ಹತ್ತರವರೆಗೆ ಸಮಯ.

“ಹಾಲು ಒಲೆ ಮೇಲಿಟ್ಟು ಮರೆಯೋಳು, ಒಬ್ಬಳೇ ಇರ್ತೀಯಾ?” ಎಂದೆ.

“ಉಕ್ಕಿದ್ರೆ ಒರೆಸ್ತೀನಿ ಬಿಡು” ಎಂದು ನಕ್ಕಳು.

ನನ್ನನ್ನು ಅಪ್ಪಿಕೊಂಡಾಗ ನನ್ನ ತಲೆ ಹಿಂದಕ್ಕೆ ವಾಲಿತು. ಸುತ್ತು ಬಂತು. ಸುಳ್ಳಲ್ಲ, ನಿಜಕ್ಕೂ ಬಂತು. ಅವಳ ಭುಜದ ಮೇಲೆಯೇ ವಾಂತಿ ಮಾಡಿಕೊಂಡೆ. ಪತ್ರವನ್ನು ಪಕ್ಕಕ್ಕಿಟ್ಟು ನೆಲ ಒರೆಸಿದಳು. ಅಮ್ಮ ಹೋದಾಗ ಅವಳಿಗೆ ಏಳು ವರ್ಷ. ಅಂದಿನಿಂದ ಅವಳ ವಾಂತಿಯನ್ನು ಒರೆಸಿದವಳು ನಾನು. ಇದು ಲೆಕ್ಕವಲ್ಲ, ಸುಮ್ಮನೆ ನೆನಪಾಯಿತು.

ಮಾರ್ಚ್ 20

ಸೋಮವಾರ ದೊಡ್ಡ ಆಸ್ಪತ್ರೆ. ಅಲ್ಲಿಯವರು ಕತ್ತಿನ ಎಕ್ಸ್‌ರೇ ನೋಡಿ, ಮೂಳೆ ಸವೆದಿದೆ, ನರ ಒತ್ತುತ್ತಿದೆ ಎಂದರು. ಕತ್ತಿಗೆ ಪಟ್ಟಿ. ದಿನಕ್ಕೆ ಮೂರು ಹೊತ್ತು ಮಾತ್ರೆ. ಮಾತ್ರೆ ತಿಂದರೆ ತಲೆಸುತ್ತು ನಿಲ್ಲುವುದಿಲ್ಲ, ಅದರ ಬಗ್ಗೆ ಬೇಸರ ನಿಲ್ಲುತ್ತದೆ. ಇಂದು ಕಾರ್ಖಾನೆಯಲ್ಲಿ ಗುಂಡಿ ಎಣಿಸುತ್ತಲೇ ನಿದ್ದೆಹೋದೆನಂತೆ. ರಜೆ ಹಾಕಿಸಿ ಮನೆಗೆ ಕಳುಹಿಸಿದರು.

ತಂಗಿ ಸ್ನಾನ ಮಾಡಿಸಿದಳು. ಪಟ್ಟಿ ಬಿಚ್ಚಿ, ಕತ್ತಿನ ಹಿಂದೆ ಬಿಸಿನೀರು ಹಾಕಿ, ಹರಿದ ಹಾಳೆ ಮುಟ್ಟಿದ ಹಾಗೆ ಒರೆಸಿದಳು. ನನ್ನ ಮೈಯನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಯಿತೋ.

ಏಪ್ರಿಲ್ 2

ತಂಗಿ ಯಾರು ಯಾರನ್ನೋ ಕೇಳಿ ಒಬ್ಬ ಕಿವಿಯ ಡಾಕ್ಟರನ್ನು ಹುಡುಕಿದ್ದಳು. ಚಿಕ್ಕ ಕ್ಲಿನಿಕ್ಕು. ಒಳಗೆ ಒಬ್ಬರೇ ಬನ್ನಿ ಎಂದರು. ಡಾಕ್ಟರು ನನಗಿಂತ ತುಂಬಾ ಕಿರಿಯ ಹೆಂಗಸು, ಕೈ ಮಂಜಿನಷ್ಟು ತಣ್ಣಗೆ. ನನ್ನ ಚೀಟಿ ಓದಿ, “ಬಲಕ್ಕೆ ಹೊರಳಿದಾಗ, ತಲೆ ಎತ್ತಿದಾಗ. ಒಂದು ನಿಮಿಷದೊಳಗೆ. ಇಷ್ಟು ಚೆನ್ನಾಗಿ ಬರೆದಿದ್ದೀರಿ, ಯಾರೂ ಓದ್ಲಿಲ್ವಾ?” ಎಂದರು.

ಮೇಜಿನ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಗಕ್ಕನೆ ಹಿಂದಕ್ಕೆ ಮಲಗಿಸಿದರು. ಕೋಣೆ ಕಿತ್ತುಕೊಂಡು ಹೋಯಿತು. ನಾನು ಚೀರಿದೆ. ಅವರು ಸಮಾಧಾನ ಹೇಳದೆ ಅದುರುತ್ತಿದ್ದ ನನ್ನ ಕಣ್ಣುಗಳನ್ನೇ ನೋಡುತ್ತಿದ್ದರು. “ಸಿಕ್ತು” ಎಂದರು. ಕೆರೆಯಲ್ಲಿ ಮೀನು ಸಿಕ್ಕವರ ಖುಷಿ ಆ ದನಿಯಲ್ಲಿತ್ತು.

“ಕಿವಿಯೊಳಗೆ ಸಣ್ಣ ಸುಣ್ಣದ ಹರಳುಗಳಿರ್ತವೆ. ಒಂದಷ್ಟು ಜಾಗ ಬಿಟ್ಟು ಪಕ್ಕದ ಕೊಳವೆಗೆ ಬಿದ್ದಿವೆ. ನೀವು ತಲೆ ಆಡಿಸಿದಾಗ ಅವು ಉರುಳ್ತವೆ, ಮಿದುಳು ನೀವೇ ತಿರುಗ್ತಿದ್ದೀರಿ ಅಂದ್ಕೊಳ್ಳುತ್ತೆ. ಅಷ್ಟೇ.”

ಅಷ್ಟೇ. ತಲೆಯನ್ನು ಎಡಕ್ಕೆ ತಿರುಗಿಸಿದರು, ಮಗ್ಗುಲಾಗಿಸಿದರು, ಮೂಗು ನೆಲ ನೋಡುವಂತೆ ಹಿಡಿದರು, ಎಬ್ಬಿಸಿ ಕೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಥರ ಹಿಂದಕ್ಕೆ ಮಲಗಿಸಿದರು. ಏನೂ ಇಲ್ಲ. ಸೂರಿನಲ್ಲಿ ಒಂದು ಬಿರುಕಿತ್ತು, ಅದು ಇದ್ದಲ್ಲೇ ಇತ್ತು.

“ಪಟ್ಟಿ ಬಿಸಾಕಿ, ಮಾತ್ರೆ ನಿಲ್ಲಿಸಿ, ಸೋಮವಾರದಿಂದ ಕೆಲಸಕ್ಕೆ ಹೋಗಿ. ಎರಡು ವಾರ ಬಿಟ್ಟು ನಾವೇ ಫೋನ್ ಮಾಡಿ ಕೇಳ್ತೀವಿ.”

ಐದು ವಾರ ನನ್ನನ್ನು ನೆಲಕ್ಕೆ ಕೆಡವಿದ್ದು ಮರಳಿನ ಕಾಳಿಗಿಂತ ಸಣ್ಣದು. ಸಂತೋಷವಾಗಬೇಕಿತ್ತು. ನಾಚಿಕೆಯಾಯಿತು.

ಹೊರಗೆ ತಂಗಿ ಬೆಂಚಿನ ಮೇಲೆ ಕೂತಲ್ಲೇ ನಿದ್ದೆಹೋಗಿದ್ದಳು. ಉಗುರಿನ ಸಂದಿಯಲ್ಲಿ ಒಣಗಿದ ಅಂಟು. ಚೀಲದಿಂದ ಆ ಪತ್ರದ ತುದಿ ಕಾಣುತ್ತಿತ್ತು. ಎಚ್ಚರವಾಗಿ, “ಏನಂದ್ರು?” ಎಂದಳು.

“ಇನ್ನೂ ಗೊತ್ತಾಗಿಲ್ವಂತೆ.”

ಬಾಯಿಂದ ತಾನಾಗಿಯೇ ಬಂತು. ಅವಳು ತೋಳು ಹಿಡಿದಳು. ನಾನು ಸ್ವಲ್ಪ ವಾಲಿದೆ. ಅದು ಅಭ್ಯಾಸ.

ಏಪ್ರಿಲ್ 3

ಬಲಮಗ್ಗುಲಲ್ಲಿ ಮಲಗಿದ್ದೆ. ಏನೂ ಆಗಲಿಲ್ಲ. ಇಂದು ಶುಕ್ರವಾರ. ಸೋಮವಾರ ಹೇಳಿದರಾಯಿತು. ಪೂರ್ತಿ ಖಾತ್ರಿಯಾಗದೆ ಹೇಳುವುದು ಸರಿಯಲ್ಲ.

ಏಪ್ರಿಲ್ 6

ಹೇಳಲಿಲ್ಲ. ಬೆಳಿಗ್ಗೆ ತಂಗಿ ಚಹಾ ತಂದು, ದಿಂಬು ಎತ್ತರಿಸಿ, ಹಣೆ ಮುಟ್ಟಿ ನೋಡಿದಳು. ಜ್ವರದ ಕಾಯಿಲೆಯಲ್ಲ ಎಂದು ಅವಳಿಗೂ ಗೊತ್ತು, ಆದರೂ ಮುಟ್ಟಿದಳು. ಅಂಥ ಹೊತ್ತಿನಲ್ಲಿ ಹೇಗೆ ಹೇಳುವುದು? ಮಧ್ಯಾಹ್ನ ಎರಡು ಸಲ ಸುತ್ತು ಬಂತೆಂದೆ. ಅಡುಗೆಮನೆಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಗುರುತು ಹಾಕಿಕೊಂಡಳು.

ಏಪ್ರಿಲ್ 9

ಸಂಜೆ ಊಟದ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದಳು.

“ಅಕ್ಕಾ, ನಾನು ಹೋದ್ರೆ ಒಬ್ಬಳೇ ಇರೋಕಾಗುತ್ತಾ? ನಿಜ ಹೇಳು. ಹೂಂ ಅಂದ್ರೆ ಹೋಗ್ತೀನಿ.”

“ಹೋಗು ಅಂತಾನೇ ಹೇಳ್ತೀನಿ” ಎಂದೆ. ಇದು ಮರೆಯಬಾರದು, ಹೋಗು ಎಂದೇ ಹೇಳಿದೆ. “ಬಚ್ಚಲಲ್ಲಿ ಬಿದ್ರೆ ಪಕ್ಕದ ಮನೆಯವರು ಬಾಗಿಲು ಒಡೀತಾರೆ. ನನ್ನ ಯೋಚನೆ ಬಿಡು.” ಅಷ್ಟು ಹೇಳಿ ಏಳಲು ಹೋಗಿ ಕುರ್ಚಿಯ ಬೆನ್ನು ಹಿಡಿದುಕೊಂಡೆ.

ಅವಳು ಬರೆದಳು. ಎರಡೇ ಸಾಲು, ಬರಲಾಗದು ಎಂದು. ಲಕೋಟೆಯ ಬಾಯಿಗೆ ತಾನೇ ಕುದಿಸಿದ ಅಂಟು ಹಚ್ಚಿದಳು. ಹಾಕಿಬಂದ ಮೇಲೆ ಅಳುವಳೇನೋ ಎಂದುಕೊಂಡಿದ್ದೆ, ಅಳಲಿಲ್ಲ. ಬಟ್ಟೆ ಮಡಚಿಟ್ಟಳು.

ಅವಳಿಗೂ ಅಲ್ಲಿ ಹೊಂದಿಕೊಳ್ಳುವುದು ಕಷ್ಟವೇ ಇತ್ತು. ಮೇ ತಿಂಗಳಿಂದ ನಾನು ಸ್ವಲ್ಪಸ್ವಲ್ಪವಾಗಿ ಗುಣವಾಗುತ್ತೇನೆ. ಒಮ್ಮೆಗೇ ಬೇಡ.

ಏಪ್ರಿಲ್ 17

ಬೆಳಿಗ್ಗೆ ಫೋನು. ತಂಗಿ ಎತ್ತಿಕೊಂಡಳು. ತುಂಬಾ ಹೊತ್ತು ಬರೀ “ಹೌದಾ”, “ಹೌದಾ” ಎನ್ನುತ್ತಿದ್ದಳು. ಕೊನೆಗೆ ಮೆಲ್ಲಗೆ ಏನೋ ಹೇಳಿ ಇಟ್ಟಳು. ಯಾರೆಂದು ಕೇಳಿದೆ. “ರಾಂಗ್ ನಂಬರ್” ಎಂದಳು. ಆಮೇಲೆ ಅವಳೇ ಎಲ್ಲಿಗೋ ಫೋನು ಮಾಡಿ, ಒಂದು ನಿಮಿಷದಲ್ಲಿ ಇಟ್ಟಳು. ಕಚೇರಿಗೆ ಹೋಗಲಿಲ್ಲ. ಮೈ ಹುಷಾರಿಲ್ಲವೇನೋ, ಮುಖ ಸುಣ್ಣ ಹಚ್ಚಿದ ಹಾಗಿತ್ತು. ಮಧ್ಯಾಹ್ನ ಸೂಪು ಕುಡಿಸಿದಳು, ಚಮಚದಿಂದ. ನಾನೇ ಕುಡಿಯುತ್ತೇನೆ ಎಂದರೆ ಬಿಡಲಿಲ್ಲ.

ಏಪ್ರಿಲ್ 21

ಎಷ್ಟು ಪ್ರೀತಿ ಅವಳಿಗೆ! ಬಡಗಿಯನ್ನು ಕರೆಸಿ ಮಂಚದ ಎರಡೂ ಬದಿಗೆ ಹಲಗೆ ಹೊಡೆಸಿದ್ದಾಳೆ. ಬಚ್ಚಲಿನ ಒಳ ಚಿಲಕ ತೆಗೆಸಿದ್ದಾಳೆ. ಎಡವುತ್ತೀ ಎಂದು ಚಪ್ಪಲಿಗಳನ್ನು ಮೂಟೆ ಕಟ್ಟಿ ಯಾರಿಗೋ ಕೊಟ್ಟಳು. ನನ್ನ ಕಂದು ಬೂಟು ಹೊಸದು. ಅದೊಂದಿರಲಿ ಎನ್ನಬೇಕೆಂದಿದ್ದೆ, ಆದರೆ ನಡೆಯಲಾಗದವಳಿಗೆ ಬೂಟು ಯಾಕೆ ಎಂದರೆ ಏನು ಹೇಳುವುದು?

ಮೇ 2

ಗುಣವಾಗಲು ಶುರುಮಾಡಿದೆ. “ಇವತ್ತು ಒಂದು ಸಲಾನೂ ಬರ್ಲಿಲ್ಲ ಕಣೇ” ಎಂದೆ.

ತಂಗಿ ಗಾಬರಿಯಾದಳು. “ಅಯ್ಯೋ ಅಕ್ಕಾ, ಅದೇ ಅಪಾಯದ ಹೊತ್ತಂತೆ. ನಾನು ಕೇಳಿದ್ದೀನಿ. ಹುಷಾರಾಯ್ತು ಅಂತ ಎದ್ದು ಓಡಾಡಿ ಸೊಂಟ ಮುರ್ಕೊಂಡವರು ಎಷ್ಟು ಜನ!” ಬಚ್ಚಲಿಗೂ ಎದ್ದು ಹೋಗಬಾರದೆಂದು ಬೇಸಿನ್ನು ತಂದಿಟ್ಟಳು. ಬೇಡ ಎಂದೆ. ಹಲಗೆಯ ಆಚೆ ನಿಂತು ಕಾದಳು. ಅವಳ ಎದುರಿಗೇ ಕೂತೆ.

ಮೇ 6

ಕಾರ್ಖಾನೆಗೆ ಕೊಡಬೇಕಾದ ಪತ್ರವನ್ನು ಅವಳೇ ಬರೆದುತಂದಿದ್ದಳು. ಅಕ್ಷರ ಎಷ್ಟು ಮುದ್ದಾಗಿದೆ. ‘ನನ್ನ ಕಾಯಿಲೆ ಗುಣವಾಗುವ ಸೂಚನೆ ಇಲ್ಲದಿರುವುದರಿಂದ ಕೆಲಸದಿಂದ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ.’

“ಇನ್ನೊಂದು ತಿಂಗಳು ನೋಡೋಣ” ಎಂದೆ.

“ನೋಡಬಹುದಿತ್ತು. ಆದ್ರೆ ನಿನ್ನಿಂದ ಯಾರದ್ದಾದ್ರೂ ಕೈ ಕತ್ತರಿಸಿ ಹೋದ್ರೆ? ನಿಂಗೇ ನಿದ್ದೆ ಬರುತ್ತಾ ಆಮೇಲೆ?” ಪೆನ್ನಿನ ಮುಚ್ಚಳ ತೆಗೆದು ಹಿಡಿದಳು. “ಅಥವಾ ನಿಂಗೇನಾದ್ರೂ ಹೇಳೋದಿದ್ಯಾ, ಅಕ್ಕಾ?”

ನನ್ನ ಕಣ್ಣನ್ನೇ ನೋಡುತ್ತಿದ್ದಳು. ಆಗ ಹೇಳಬಹುದಿತ್ತು. ಹೇಳಿದರೆ ಏಪ್ರಿಲ್ ಎರಡರಿಂದ ಹೇಳಬೇಕು, ಒಂಬತ್ತರ ಸಂಜೆಯನ್ನೂ ಹೇಳಬೇಕು. “ಏನೂ ಇಲ್ಲ” ಎಂದೆ.

ಸಹಿ ಮಾಡಿದೆ. ಇಪ್ಪತ್ತಾರು ವರ್ಷ, ಎಂಬತ್ತೆಂಬತ್ತು ಪದರ. ಕೈ ನಡುಗಿತು. “ನೋಡು, ಪೆನ್ನು ಹಿಡಿಯೋಕೂ ಆಗ್ತಿಲ್ಲ” ಎಂದು ಹಣೆಗೆ ಮುತ್ತು ಕೊಟ್ಟಳು.

ಮೇ 19

ಗಿಣಿ ನೋಡಲು ಬಂದಿದ್ದಳು. ನನ್ನ ಮೇಜು ಈಗ ಖಾಯಂ ಅವಳದ್ದು. ಹಾಸಿಗೆಯ ಹಲಗೆ ನೋಡಿ ಗೊಳೋ ಎಂದು ಅತ್ತಳು. “ಮೇಡಂ, ನೀವು ಬೈದ್ರೇನೇ ನಂಗೆ ಗೆರೆ ನೆಟ್ಟಗೆ ಬರ್ತಿತ್ತು. ಒಂದ್ಸಲ ಬೈರಿ.” ಅವಳ ಜಡೆಗೆ ಅಂಟಿದ್ದ ನೂಲಿನ ಎಳೆ ತೆಗೆದೆ.

ತಂಗಿ ಒಳಗೆ ಹೋಗಿ ನನ್ನ ಕತ್ತರಿ ತಂದಳು. ಹನ್ನೆರಡು ಅಂಗುಲದ್ದು, ಹಿಡಿಯಲ್ಲಿ ನನ್ನ ಹೆಬ್ಬೆರಳಿನ ಗುಳಿ ಬಿದ್ದಿರುವುದು, ನಾನು ಯಾರಿಗೂ ಮುಟ್ಟಲು ಕೊಡದಿದ್ದುದು. “ಅಕ್ಕಂಗೆ ಇನ್ನು ಬೇಕಾಗಲ್ಲ. ನೀವಿಟ್ಕೊಳ್ಳಿ. ಅಲ್ವಾ ಅಕ್ಕಾ?”

“ಹೂಂ” ಎಂದೆ.

ಗಿಣಿ ಅದನ್ನು ತೆರೆದು ಮುಚ್ಚಿ ನೋಡಿದಳು. ಆ ಸದ್ದು ಅವಳು ಮೆಟ್ಟಿಲಿಳಿಯುವವರೆಗೂ ಕೇಳಿಸಿತು.

ಜೂನ್ 12

ತಂಗಿಯ ಹುಟ್ಟುಹಬ್ಬ. ನಲವತ್ತು. ಅವಳು ಕಚೇರಿಗೆ ಹೋದ ಮೇಲೆ ಎದ್ದೆ. ಕೇಕು ತರೋಣ, ಬಾಗಿಲಲ್ಲಿ ನಿಂತು ಅವಳನ್ನು ಎದುರುಗೊಳ್ಳೋಣ, ಗುಣವಾಯಿತು ಎನ್ನೋಣ, ಅದೇ ಉಡುಗೊರೆ ಎಂದು ಯೋಚಿಸಿದ್ದೆ. ಹಲಗೆ ದಾಟಿದೆ. ಗೋಡೆ ಹಿಡಿದು ನಡುಮನೆಗೆ ಬಂದೆ. ನಡುಮನೆಯ ಮಧ್ಯೆ ಹಿಡಿಯಲು ಏನೂ ಇಲ್ಲ. ಅಲ್ಲಿ ನಿಂತಾಗ ನೆಲ ದೋಣಿಯಾಯಿತು. ಇದು ಹಿಂದಿನ ಗಿರ್ರನೆಯ ಸುತ್ತಲ್ಲ, ತೂಗಾಟ. ಒಂದು ನಿಮಿಷಕ್ಕೆ ನಿಲ್ಲಲೂ ಇಲ್ಲ. ಕೂತೆ. ಕೂತರೂ ತೂಗಿತು. ಅಂಬೆಗಾಲಿಟ್ಟುಕೊಂಡು ಮಂಚಕ್ಕೆ ವಾಪಸ್ಸು ಬಂದೆ.

ಸಂಜೆ, “ಇವತ್ತು ನಿಜವಾಗ್ಲೂ ತುಂಬಾ ಬಂತು ಕಣೇ” ಎಂದೆ.

“ನಿಜವಾಗ್ಲೂ?” ಎಂದು ಕೇಳಿ, ಹಾಳೆಯಲ್ಲಿ ಗುರುತು ಹಾಕಿದಳು.

ಜೂನ್ 23

ಹತ್ತು ದಿನ ಬೇಡಿಕೊಂಡ ಮೇಲೆ ಕಿವಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. “ಅವರಿಂದೇನೂ ಆಗ್ಲಿಲ್ವಲ್ಲ, ಯಾಕೆ?” ಎಂದು ದಾರಿಯುದ್ದಕ್ಕೂ ಕೇಳಿದಳು. ಒಳಗೂ ಬಂದಳು. ಬೇಡವೆನ್ನಲಾಗಲಿಲ್ಲ, ಅವಳ ತೋಳು ಬಿಟ್ಟರೆ ನಾನು ಕೆಳಗೆ.

ಡಾಕ್ಟರು ಹಿಂದಕ್ಕೆ ಮಲಗಿಸಿ ಕಣ್ಣು ನೋಡಿದರು. ಬಲಕ್ಕೆ, ಎಡಕ್ಕೆ. “ಕಿವಿಯಲ್ಲಿ ಏನೂ ಇಲ್ಲ. ಏಪ್ರಿಲ್‌ನಲ್ಲೇ ಸರಿಹೋಗಿತ್ತಲ್ಲ? ನಾವು ಫೋನ್ ಮಾಡಿದಾಗ ನಿಮ್ಮ ತಂಗೀನೇ ಅಂದ್ರು, ತುಂಬಾ ಚೆನ್ನಾಗಿದ್ದಾರೆ, ಥ್ಯಾಂಕ್ಸ್ ಅಂತ.”

ತಂಗಿ ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡುತ್ತಿದ್ದಳು.

“ಅವತ್ತಿಂದ ಏನ್ ಮಾಡ್ತಿದ್ರಿ?” ಎಂದರು ಡಾಕ್ಟರು.

“ಮಲಗಿದ್ದೆ” ಎಂದೆ.

“ಎರಡೂವರೆ ತಿಂಗಳಾ?” ಪೆನ್ನು ಕೆಳಗಿಟ್ಟರು. “ಕಣ್ಣು, ಕಾಲು, ಮಿದುಳು ಒಂದನ್ನೊಂದು ನಂಬೋದನ್ನೇ ಬಿಟ್ಟಿವೆ. ಭಯ ಬೇರೆ ಸೇರ್ಕೊಂಡಿದೆ. ಇದು ಹತ್ತು ನಿಮಿಷದಲ್ಲಿ ಹೋಗಲ್ಲ, ವರ್ಷ ಹಿಡಿಯಬಹುದು. ನಡೀಬೇಕು, ದಿನಾ, ಬಯಲಲ್ಲಿ. ಮೊದಮೊದಲು ಯಾರಾದ್ರೂ ಕೈ ಹಿಡ್ಕೋಬೇಕು.”

“ನಾನಿದ್ದೀನಲ್ಲ” ಎಂದಳು ತಂಗಿ.

ಟ್ಯಾಕ್ಸಿಯಲ್ಲಿ ಕೇಳಿದೆ, “ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ನೀನು ಯಾಕೆ ಹೇಳ್ಲಿಲ್ಲ?”

ಚಾಲಕ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಅವಳು ದನಿ ಏರಿಸಲಿಲ್ಲ. “ಎಂಟು ದಿನ, ಅಕ್ಕಾ. ಒಂಬತ್ತಕ್ಕೆ ಕಾಗದ ಹಾಕ್ದೆ, ಹದಿನೇಳಕ್ಕೆ ಫೋನ್ ಬಂತು. ಮ್ಯೂಸಿಯಂನವರಿಗೆ ಆಗ್ಲೇ ಫೋನ್ ಮಾಡ್ದೆ. ಹಿಂದಿನ ದಿನ ಬೇರೆಯವರಿಗೆ ಕೊಟ್ಟುಬಿಟ್ಟಿದ್ರು.”

“ನಿನ್ನ ಕಾಲಿಗೆ ಬೀಳ್ತೀನಿ.”

“ಬೀಳ್ಬೇಡ. ಎಬ್ಬಿಸೋಳು ನಾನೇ.”

“ಈಗ ಬಿಟ್ಟು ಹೋಗ್ತೀಯಾ?”

“ಎಲ್ಲಿಗೆ? ನಲವತ್ತಾಯ್ತಲ್ಲ.” ಸೀಟಿನ ಪಟ್ಟಿಯನ್ನು ನನ್ನ ಹೊಟ್ಟೆಯ ಮೇಲೆ ಸರಿಮಾಡಿದಳು. “ನಿನ್ನನ್ನ ಬಿಟ್ಟು ಎಲ್ಲಿಗೂ ಹೋಗಲ್ಲ.”

ಈ ಮಾತನ್ನು ಅವಳ ಬಾಯಿಂದ ಕೇಳಲು ನಾನು ಏನೆಲ್ಲ ಮಾಡಿದೆ. ಕೇಳಿದಾಗ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಟ್ಯಾಕ್ಸಿ ವೇಗವಾಗಿ ಹೋಗುತ್ತಿತ್ತು, ಅದಕ್ಕಿರಬೇಕು.

ಜೂನ್ 30

ನಡಿಗೆ ಇನ್ನೂ ಶುರುವಾಗಿಲ್ಲ. ಸುಸ್ತಾದ ಹಾಗೆ ಕಾಣುತ್ತೀ, ಇಂದು ಬೇಡ ಎನ್ನುತ್ತಾಳೆ. ಕನ್ನಡಿ ನೋಡಿಕೊಂಡೆ. ಸುಸ್ತಾದ ಹಾಗೆಯೇ ಕಾಣುತ್ತೇನೆ.

ಜುಲೈ 8

ಇಂದು ಹೊರಗೆ ಕರೆದುಕೊಂಡು ಹೋದಳು! ಚಪ್ಪಲಿ ಇಲ್ಲದ್ದರಿಂದ, ಡಾಕ್ಟರಲ್ಲಿಗೆ ಹೋದಾಗಿನ ಹಾಗೆ, ಅವಳದ್ದನ್ನೇ ಹಾಕಿದಳು, ಒಂದು ಅಳತೆ ದೊಡ್ಡದು. ಮೆಟ್ಟಿಲು ಇಳಿದೆ. ಬೀದಿಯಲ್ಲಿ ಬಿಸಿಲಿತ್ತು. ಬೇಕರಿಯ ಮುಂದಿನ ಬಯಲಿಗೆ ಬಂದೆವು. ಅಲ್ಲಿ ಕಂಬವಿಲ್ಲ, ಗೋಡೆಯಿಲ್ಲ. ಸರಿಯಾಗಿ ನಡುವಿಗೆ ತಂದು ನಿಲ್ಲಿಸಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಬ್ರೆಡ್ಡು ತಗೊಂಡು ಬರ್ತೀನಿ. ಇಲ್ಲೇ ನಿಂತಿರು.”

ನೆಲ ತೂಗಲು ಶುರುವಾಯಿತು. ದೂರದಲ್ಲಿ ಒಂದು ಕಿಟಕಿ ನೋಡಿಟ್ಟುಕೊಂಡೆ, ಕಣ್ಣನ್ನು ಒಂದು ಕಡೆ ಊರಿ ನಿಲ್ಲಬೇಕೆಂದು ಡಾಕ್ಟರು ಹೇಳಿದ್ದರು. ಬೇಕರಿಯ ಗಾಜಿನೊಳಗೆ ತಂಗಿ ಕಾಣುತ್ತಿದ್ದಳು. ಬ್ರೆಡ್ಡು ಕೈಯಲ್ಲಿತ್ತು. ಚಹಾ ತೆಗೆದುಕೊಂಡು ಕುರ್ಚಿ ಎಳೆದು ಕೂತಳು. ಇತ್ತ ಮುಖ ಮಾಡಿಯೇ ಕೂತಿದ್ದಳು, ಹಾಗಾಗಿ ಭಯವಿರಲಿಲ್ಲ. ಯಾರೋ ಬಂದು, “ಏನಮ್ಮಾ, ಕೂರಿಸ್ಲಾ?” ಎಂದರು. ಬೇಡ, ತಂಗಿ ಬರುತ್ತಾಳೆ ಎಂದೆ. ಇನ್ನೊಬ್ಬರೂ ಕೇಳಿದರು. ಕಾಲು ಥರಥರ ಎನ್ನುತ್ತಿತ್ತು. ಒಂದು ಹಂತದಲ್ಲಿ ಬಟ್ಟೆ ಒದ್ದೆಯಾಯಿತು. ಬಿಸಿಲಿಗೆ ಒಣಗಿತು. ಬೇಕರಿಯ ಗಡಿಯಾರದ ಪ್ರಕಾರ ನಲವತ್ತು ನಿಮಿಷ.

ಆಮೇಲೆ ಬಂದಳು. “ನಿಂತಿದ್ದೀಯಲ್ಲ, ಜಾಣೆ” ಎಂದು ಕೈ ಹಿಡಿದಳು. ಹಿಡಿದದ್ದೇ ತಡ, ನೆಲ ನಿಂತಿತು. ಪೂರ್ತಿ ನಿಂತಿತು. ಎಷ್ಟು ಹಗುರವಾಯಿತೆಂದರೆ ಅಳು ಬಂತು.

ಮೆಟ್ಟಿಲು ಹತ್ತುವಾಗ ಕೇಳಿದೆ, “ನಾಳೇನೂ ಕರ್ಕೊಂಡು ಹೋಗ್ತೀಯಾ?”

“ನೋಡೋಣ” ಎಂದಳು.